ಬಂಡೆಯನ್ನ ಎಡಕ್ಕೆ ಇಟ್ಕೊಂಡು ಸುತ್ತಿದ ದಿನ

ಮೂರು ದಿನದಿಂದ ನೆಗಡಿ. ಇವತ್ತು ಬೆಳಿಗ್ಗೆ ನಮ್ಮನೆಯವಳು ಜಯ ಪಾತ್ರೆ ತುಂಬ ಬಿಸಿನೀರು ತಂದಿಟ್ಟು, ಅದಕ್ಕೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ, ನನ್ನ ತಲೆ ಮೇಲೆ ಟವೆಲ್ ಮುಚ್ಚಿ, "ಉಸಿರು ಎಳ್ಕೊಳ್ರೀ, ಮಾತಾಡ್ಬೇಡಿ" ಅಂದ್ಲು. ಎಳ್ಕೊಂಡೆ. ಮೂಗು ಬಿಟ್ಕೊಳ್ತು, ಜೊತೆಗೆ ಎದೆನೂ ಒಂದ್ಸಲ ಧಸಕ್ ಅಂತು. ಆ ವಾಸನೆಗೆ ನಿಮಗೆ ಊಟಿ ನೆನಪಾಗಬಹುದು, ಚಿಕ್ಕಂದಿನ ಜ್ವರ ನೆನಪಾಗಬಹುದು. ನಂಗೆ ಮಾತ್ರ ತುರಹಳ್ಳಿ ಕಾಡಿನ ಒಂದು ಕಲ್ಲಿನ ಇಳಿಜಾರು ನೆನಪಾಗುತ್ತೆ. ಅಲ್ಲಿ ಸುತ್ತ ನೀಲಗಿರಿ ಮರ.

ಟವೆಲ್ ತೆಗೆದೋನೇ ಇದನ್ನ ಟೈಪ್ ಮಾಡಕ್ಕೆ ಕೂತಿದೀನಿ. ಒಂದೇ ಬೆರಳು. ಒತ್ತಕ್ಷರ ಹುಡುಕೋ ಹೊತ್ತಿಗೆ ಏನು ಹೇಳ್ಬೇಕು ಅಂತಿದ್ನೋ ಅದೇ ಮರ್ತೋಗಿರುತ್ತೆ. ಬೇಜಾರು ಮಾಡ್ಕೋಬೇಡಿ. ನೀವೂ ಪಕ್ಕದಲ್ಲಿ ಒಂದು ಸ್ಟೂಲ್ ಎಳ್ಕೊಂಡು ಕೂತಿದೀರ ಅಂದ್ಕೊಂಡು ಬರೀತೀನಿ.

ನಾನು ಸೈಕಲ್ ರಿಪೇರಿ ಮಾಡೋನು. ಚಿಕ್ಕಲಸಂದ್ರದಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಊರು ಕುಣಿಗಲ್ ಕಡೆ. ನಾಲ್ಕನೇ ಕ್ಲಾಸಿಗೆ ಸ್ಕೂಲ್ ಬಿಟ್ಟು ಪಂಕ್ಚರ್ ಹಾಕೋದು ಕಲ್ತೆ. ಎಸ್ಸೆಸ್ಸೆಲ್ಸಿ ಪಾಸ್ ಮಾಡಿದ್ದು ನಲವತ್ತೊಂದನೇ ವಯಸ್ಸಲ್ಲಿ, ಅದೂ ಎರಡನೇ ಸಲಕ್ಕೆ. ನಾನೀಗ ಹೇಳ್ತಿರೋದು ಅದಕ್ಕಿಂತ ಮುಂಚಿನ ಕಥೆ. ಆಗ ಕನ್ನಡ ತಡವರಿಸ್ಕೊಂಡು ಓದ್ತಿದ್ದೆ. ಇಂಗ್ಲಿಷಿನ ಅಕ್ಷರ ಒಂದೊಂದೇ ನಿಲ್ಸಿದ್ರೆ ಗುರುತು ಹಿಡೀತಿದ್ದೆ, ಎಲ್ಲ ಸಾಲಾಗಿ ನಿಂತ್ರೆ ಯಾರು ಯಾರೋ ಗೊತ್ತಾಗ್ತಿರ್ಲಿಲ್ಲ.

ಇದು ಯಾರಿಗೂ ತಿಳೀದಂಗೆ ಅಂಗಡಿ ನಡೆಸೋದೂ ಒಂದು ವಿದ್ಯೆನೇ. ಗಿರಾಕಿ ಯಾವುದಾದ್ರೂ ಡಬ್ಬಿ ತೋರಿಸಿ ಏನ್ ಬರ್ದಿದೆ ನೋಡಿ ಅಂದ್ರೆ, "ಕನ್ನಡಕ ಒಳಗಿದೆ, ನೀವೇ ಓದ್ಬಿಡಿ ಸಾರ್" ಅಂತಿದ್ದೆ. ನಂಗೆ ಆಗ ಕನ್ನಡಕನೇ ಇರ್ಲಿಲ್ಲ. ಜಯ ಪಿಯುಸಿ ತನಕ ಓದಿದೋಳು. ಓದೋದು ಏನಿದ್ರೂ ಗಿರಾಕಿ ಹೋದ್ಮೇಲೆ ಅವಳ ಹತ್ರ ಓದಿಸ್ಕೋತಿದ್ದೆ. "ಕೇಳಿದ್ರೆ ಮರ್ಯಾದೆ ಹೋಗುತ್ತಾ ನಿಮ್ದು?" ಅಂತಿದ್ಲು. ಹೋಗುತ್ತೆ ಅಂತಾನೇ ನಾನು ನಂಬಿದ್ದೆ.

ಆ ಟೈಮಲ್ಲೇ ನಮ್ಮ ಕಡೆ ಗೇರ್ ಸೈಕಲ್ ಜಾಸ್ತಿ ಆದ್ವು. ಜೆಪಿ ನಗರ, ಬನಶಂಕರಿ, ಎಲ್ಲೆಲ್ಲಿಂದಲೋ ಜನ ಮೈಗೆ ಅಂಟೋ ಚಡ್ಡಿ ಹಾಕ್ಕೊಂಡು ಭಾನುವಾರ ಬೆಳಿಗ್ಗೆ ತುರಹಳ್ಳಿ ಕಾಡು ಸುತ್ತಕ್ಕೆ ಹೋಗೋರು. ಟಾರ್ ರೋಡ್ ಇರುವಾಗ ಕಲ್ಲಿನ ಮೇಲೆ ಯಾಕ್ರಪ್ಪಾ ಹತ್ತಿಸ್ತೀರ ಅಂತ ಮನಸ್ಸಲ್ಲೇ ಬೈಕೋತಿದ್ದೆ. ಬಾಯಲ್ಲಿ ಮಾತ್ರ "ಸಖತ್ತಾಗಿದೆ ಸಾರ್ ಗಾಡಿ" ಅಂತಿದ್ದೆ. ಕಲ್ಲಿಗೆ ಹೊಡೆದು ರಿಮ್ ಬೆಂಡ್ ಆದ್ರೆ ನನ್ನ ಹತ್ರನೇ ತಾನೇ ಬರ್ಬೇಕು.

ಅವರಲ್ಲಿ ಒಬ್ರು ವಸುಧಾ ಮೇಡಂ. ಜಯನಗರದ ಹಳಬರು, ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದೋರು. ಯಾರೋ ಹೊರದೇಶದೋರು ಬೆಂಗಳೂರು ಬಿಟ್ಟು ಹೋಗುವಾಗ ಮಾರಿದ ಮೌಂಟನ್ ಬೈಕ್ ತಗೊಂಡು, ಅದರ ಮೇಲೇ ಗೇರ್ ಹಾಕೋದು ಕಲ್ತಿದ್ರು. ಒಂದು ಶುಕ್ರವಾರ ಅದನ್ನ ಸರ್ವೀಸಿಗೆ ಬಿಟ್ರು. ಶನಿವಾರ ಸಂಜೆ ಬಂದು ಕಾರಿನ ಹಿಂದೆ ಕಟ್ಟಿಸ್ಕೊಳ್ಳೋವಾಗ ಅಂದ್ರು:

"ನಾಳೆ ಆ ಕಲ್ಲಿನ ಇಳಿಜಾರು ಕೂತ್ಕೊಂಡೇ ಇಳೀತೀನಿ ಕಣ್ರೀ. ಮೂರು ತಿಂಗಳಿಂದ ತಳ್ಕೊಂಡು ಇಳೀತಿದೀನಿ. ಹಿಂದಿನಿಂದ 'ಆಂಟಿ ಸೈಡು, ಆಂಟಿ ಸೈಡು' ಅಂತಾರೆ. ಸೈಡ್ ಕೊಟ್ಟು ಕೊಟ್ಟು ಸಾಕಾಗಿದೆ."

"ಧೈರ್ಯವಾಗಿ ಇಳೀರಿ ಮೇಡಂ. ಬ್ರೇಕು ಹೆಂಗ್ ಮಾಡಿದೀನಿ ಅಂದ್ರೆ, ಹಿಡಿದ್ರೆ ಅಲ್ಲೇ ನಿಲ್ಬೇಕು" ಅಂದೆ.

ಎದೆ ಉಬ್ಬಿಸ್ಕೊಂಡೇ ಅಂದೆ. ಯಾಕಂದ್ರೆ ಅವರು ಕೇಳದೇ ಇದ್ದಿದ್ದನ್ನೂ ಮಾಡಿದ್ದೆ. ನಮ್ಮಲ್ಲಿ ಬಲಗೈ ಅಂದ್ರೆ ಮುಂದಿನ ಬ್ರೇಕು, ಎಡಗೈ ಅಂದ್ರೆ ಹಿಂದಿನದು. ಮೇಡಂ ಸೈಕಲಲ್ಲಿ ಅದು ಉಲ್ಟಾ ಇತ್ತು. ಅರ್ಧಂಬರ್ಧ ಕಲ್ತ ಯಾವನೋ ಮೆಕ್ಯಾನಿಕ್ ತಪ್ಪು ಹಾಕಿದಾನೆ ಅಂತ ಎರಡೂ ಕೇಬಲ್ ಬಿಚ್ಚಿ ಕೈ ಬದಲಾಯಿಸಿ, ಸರಿ ಮಾಡಿಟ್ಟೆ. ಹ್ಯಾಂಡಲ್ ಮೇಲೆ ಕೊಳೆ ಹಿಡಿದ ಒಂದು ಸ್ಟಿಕ್ಕರ್ ಇತ್ತು, ಅದನ್ನೂ ಕಿತ್ತು ಉಜ್ಜಿ ಫಳಫಳ ಮಾಡ್ದೆ. ಹೇಳ್ಕೊಂಡ್ರೆ ಹೊಗಳಿಸ್ಕೊಂಡಂಗೆ ಆಗುತ್ತೆ ಅಂತ ಹೇಳ್ಲಿಲ್ಲ.

ಭಾನುವಾರ ಬೆಳಿಗ್ಗೆ ಜಯ ಅಂಗಡಿ ಗುಡಿಸ್ತಾ ಇದ್ಲು. ಆ ಸ್ಟಿಕ್ಕರ್ ಪೊರಕೆಗೆ ಅಂಟ್ಕೊಂಡು ಬಿಡ್ಲೇ ಇಲ್ಲ. ಕಿತ್ತು ಹಿಡ್ಕೊಂಡು ಅದರ ಮೇಲಿನ ಇಂಗ್ಲಿಷ್ ಓದಿದ್ಲು.

"ಎಡಗೈ ಮುಂದಿನ ಬ್ರೇಕು, ಬಲಗೈ ಹಿಂದಿನ ಬ್ರೇಕು, ಹುಷಾರು ಅಂತ ಬರ್ದೈತೆ. ಯಾವ ಸೈಕಲ್ದ್ರೀ ಇದು?"

ಟೀ ಲೋಟ ಕೈಯಲ್ಲಿತ್ತು. ಕೆಳಗಿಟ್ಟೆ.

ನಿಮಗೆ ಸೈಕಲ್ ಅಭ್ಯಾಸ ಇಲ್ದಿದ್ರೆ ಹೇಳ್ತೀನಿ. ಇಳಿಜಾರಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದ್ರೆ ಮುಂದಿನ ಚಕ್ರ ನಿಂತ್ಬಿಡುತ್ತೆ, ಹಿಂದಿನದು ಮೇಲೇಳುತ್ತೆ, ಕೂತೋರು ಹ್ಯಾಂಡಲ್ ದಾಟಿ ತಲೆಕೆಳಗಾಗಿ ಬೀಳ್ತಾರೆ. ಹಂಗಾಗ್ಬಾರ್ದು ಅಂತ ಭಯ ಆದಾಗೆಲ್ಲ ಹಿಂದಿನದನ್ನೇ ಹಿಡೀತಾರೆ. ಹೊರದೇಶದ ಸೈಕಲಲ್ಲಿ ಕೈ ಹಂಗೇ ಇರುತ್ತಂತೆ, ಅದರಲ್ಲೇ ಕಲ್ತ ಮೇಡಂಗೆ ಹಿಂದಿನದು ಅಂದ್ರೆ ಬಲಗೈ. ಈಗ ಅವರ ಬಲಗೈಗೆ ನಾನು ಮುಂದಿನದನ್ನ ಕೊಟ್ಟು ಕಳಿಸಿದ್ದೆ, ಅದೂ ಹಿಡಿದ್ರೆ ಅಲ್ಲೇ ನಿಲ್ಲೋ ಹಂಗೆ ಮಾಡಿ. ಮನೆಯಿಂದ ಕಾಡಿನ ತನಕ ಕಾರಲ್ಲಿ ಹೋಗ್ತಾರೆ, ಆಮೇಲೆ ಬರೀ ಏರು. ಕೈ ಬದಲಾಗಿರೋದು ಅವರಿಗೆ ಗೊತ್ತಾಗೋದೇ ಆ ಕಲ್ಲಿನ ಇಳಿಜಾರಲ್ಲಿ.

ಫೋನ್ ಮಾಡ್ದೆ. ಎತ್ತಲಿಲ್ಲ. ನಾಲ್ಕು ಸಲ ಮಾಡ್ದೆ. ಕಾಡೊಳಗೆ ಫೋನ್ ಮುಟ್ಟಲ್ಲ ಅನ್ನೋದು ಅವರ ನೇಮ ಅಂತ ಆಮೇಲೆ ನೆನಪಾಯ್ತು.

ಸ್ಟ್ಯಾಂಡ್ ಮೇಲೆ ಯಾರದೋ ಗೇರ್ ಸೈಕಲ್ ರೆಡಿಯಾಗಿ ನಿಂತಿತ್ತು. ಇಳಿಸ್ಕೊಂಡು, ಕೇಬಲ್ ಬಿಚ್ಚೋ ಅಲನ್ ಕೀ ಶರ್ಟಿನ ಜೇಬಿಗೆ ಹಾಕ್ಕೊಂಡು ಹೊರಟೆ.

"ಲುಂಗೀಲೇ ಹೋಗ್ತೀರೇನ್ರೀ?" ಅಂತ ಜಯ ಕೂಗಿದ್ಲು.

ಲುಂಗಿ ಎತ್ತಿ ಕಟ್ಟಿ, ಚೈನಿಗೆ ಸಿಗ್ದಂಗೆ ಹಳೇ ಟ್ಯೂಬಿನ ತುಂಡು ಬಿಗಿದೆ. ಅಷ್ಟು ದಿನದಿಂದ ಬೇರೆಯವರ ಗೇರು ಟ್ಯೂನ್ ಮಾಡ್ಕೊಂಡು ಬಂದಿದ್ರೂ, ಒಂದು ದಿನವೂ ಗೇರ್ ಸೈಕಲ್ ಮೇಲೆ ನಮ್ಮ ರೋಡ್ ದಾಟಿರ್ಲಿಲ್ಲ. ಅಡುಗೆ ಮಾಡೋರು ಉಪ್ಪು ನೋಡಕ್ಕೆ ಒಂದು ಚಮಚ ತಿಂತಾರಲ್ಲ, ನಾನೂ ಅಂಗಡಿ ಮುಂದೆ ಅಷ್ಟೇ ಓಡಿಸಿದ್ದು. ಉತ್ತರಹಳ್ಳಿ ಏರಲ್ಲಿ ಹಗುರ ಮಾಡಕ್ಕೆ ಹೋಗಿ ಭಾರದ ಗೇರಿಗೆ ಹಾಕ್ದೆ. ಅವತ್ತಿಂದ ಯಾವ ಗಿರಾಕಿ "ಗೇರ್ ಸರಿಯಾಗಿ ಬೀಳಲ್ಲ ಅಣ್ಣ" ಅಂದ್ರೂ ನಾನು ಎದುರು ಮಾತಾಡಿಲ್ಲ.

ಕಾಡಿನ ಗೇಟ್ ಹತ್ರ ಮೇಡಂ ಕಾರ್ ನಿಂತಿತ್ತು, ಹಿಂದೆ ಸೈಕಲ್ ಇರ್ಲಿಲ್ಲ. ವಾಚ್‌ಮನ್ನಿಗೆ ಕೇಳ್ದೆ.

"ಕೆಂಪು ಹೆಲ್ಮೆಟ್ ಮೇಡಮ್ಮಾ? ಹೋಗಿ ಅರ್ಧ ಗಂಟೆ ಮೇಲಾಯ್ತು."

ಅರ್ಧ ಗಂಟೆ. ಹಿಂದೆ ಹೋದ್ರೆ ನಂಗೆ ಅವರು ಸಿಗಲ್ಲ. ಆದ್ರೆ ತುರಹಳ್ಳಿ ದಾರಿ ಒಂದು ಸುತ್ತು. ದೊಡ್ಡ ಬಂಡೆನ ಬಲಕ್ಕೆ ಇಟ್ಕೊಂಡು ಹೋಗಿ, ಹಿಂದುಗಡೆಯಿಂದ ಏರಿ, ಕಲ್ಲಿನ ಇಳಿಜಾರು ಇಳಿದು ಮತ್ತೆ ಗೇಟಿಗೇ ಬರೋದು. ಬಂಡೆ ಮೇಲೆ ದೇವಸ್ಥಾನ ಇರೋದ್ರಿಂದ ಹಂಗೆ ಶುರುವಾಯ್ತೋ, ಯಾರಾದ್ರೂ ನಿಯಮ ಮಾಡಿದ್ರೋ ಗೊತ್ತಿಲ್ಲ, ಎಲ್ರೂ ಸುತ್ತೋದು ಪ್ರದಕ್ಷಿಣೆ ಥರಾನೇ. ಬಂಡೆನ ಎಡಕ್ಕೆ ಬಿಟ್ಟು ಬಲಗಡೆ ದಾರಿ ಹಿಡಿದ್ರೆ ಇಳಿಜಾರಿನ ಬುಡ ಮೊದಲು ಸಿಗುತ್ತೆ, ಅವರಿಗೆ ಎದುರಾಗ್ತೀನಿ. ಅಪ್ರದಕ್ಷಿಣೆ. ನಿಂತು ಬಂಡೆ ಕಡೆ ಕೈ ಮುಗಿದು, "ಸ್ವಾಮಿ, ಸ್ವಲ್ಪ ಅರ್ಜೆಂಟು" ಅಂದು ಬಲಕ್ಕೆ ತಿರುಗಿಸ್ದೆ.

ಎದುರಿಂದ ಬರೋರಿಗೆಲ್ಲ ನಾನೇ ತಮಾಷೆ.

"ಅಂಕಲ್, ರಾಂಗ್ ಸೈಡು!"

"ಉಲ್ಟಾ ಬರ್ತಿದೀರ ಗುರು! ನೋಡ್ಕೊಂಡು!"

"ಮಗಾ, ಲುಂಗಿ ರೈಡರ್ ನೋಡೋ!"

ನಾನು ಒಬ್ಬೊಬ್ಬರಿಗೂ ಒಂದೇ ಕೇಳ್ತಿದ್ದೆ, ಕೆಂಪು ಹೆಲ್ಮೆಟ್ ಮೇಡಂ ನೋಡಿದ್ರಾ, ಇಳಿದ್ರಾ? ಒಬ್ಬರು ಹಂಗೇ ಹಾದು ಹೋಗ್ತಾ "ಮೇಲೆ ಇದ್ರು" ಅಂದ್ರು. ಇದ್ರು ಅಂದ್ರೆ ಯಾವಾಗ ಇದ್ರು ಅಂತ ಕೇಳಕ್ಕೆ ತಿರುಗೋಷ್ಟರಲ್ಲಿ ಅವರಿಲ್ಲ. ಇಳಿಜಾರಿನ ಬುಡಕ್ಕೆ ಬಂದಾಗ ನನ್ನ ಚೈನ್ ಕಳಚಿತ್ತು. ಹಾಕಕ್ಕೆ ನಿಲ್ಲಲಿಲ್ಲ. ಸೈಕಲ್ ಪೊದೆ ಪಕ್ಕ ಬಿಟ್ಟು, ಕಲ್ಲು ಹಿಡ್ಕೊಂಡು ಹತ್ತಿದೆ. ಒಣಗಿದ ನೀಲಗಿರಿ ಎಲೆ ಕಾಲಡಿ ಜಾರ್ತಿತ್ತು, ಉಸಿರಿಗೆಲ್ಲ ಅದರ ವಾಸನೆ. ಪ್ರತಿ ತಿರುವಲ್ಲೂ ಮೊದಲು ನೆಲ ನೋಡ್ತಿದ್ದೆ, ಯಾರಾದ್ರೂ ಬಿದ್ದಿದಾರಾ ಅಂತ.

ತುದಿಯಲ್ಲಿ ಕೆಂಪು ಕಾಣಿಸ್ತು. ನಿಂತಿತ್ತು. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಪೆಡಲ್ ಮೇಲೆ. ನಾನು ದಾರಿಗೆ ಅಡ್ಡ ಎರಡೂ ಕೈ ಅಗಲ ಮಾಡಿ, "ಮೇಡಂ, ಇಳೀಬೇಡಿ! ಇಳೀಬೇಡಿ ಮೇಡಂ!" ಅಂತ ಕಿರುಚಿದೆ.

"ಎಲ್ರೀ ಇಳಿದೆ?" ಅಂದ್ರು ಮೇಲಿಂದ. "ಹತ್ತು ನಿಮಿಷದಿಂದ ಇಲ್ಲೇ ನಿಂತಿದೀನಿ. ಕಾಲು ಎತ್ತೋದು, ಇಡೋದು. ಈಗ ಇನ್ನೇನು ಹೊರಟೆ ಅನ್ನೋಷ್ಟರಲ್ಲಿ ನೀವು ಪ್ರತ್ಯಕ್ಷ. ಅದೂ ಲುಂಗೀಲಿ."

ನಾನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತೆ. ಅಳು ಬಂತು ಅಂತ ಬರೆದ್ರೆ ಜಯ ಓದಿ ನಗ್ತಾಳೆ. ಬೆವರು ಕಣ್ಣಿಗೆ ಇಳೀತು ಅಂತಿಟ್ಕೊಳ್ಳಿ. ಮೇಡಂ ಸೈಕಲ್ ಹಿಡ್ಕೊಂಡು ಎರಡು ಹೆಜ್ಜೆ ಕೆಳಗೆ ಬಂದು ನೀರಿನ ಬಾಟಲಿ ಕೊಟ್ರು.

"ಏನಾಯ್ತು?"

ಇಲ್ಲಿ ನಿಮಗೆ ನಿಜ ಹೇಳ್ತೀನಿ. ಒಂದು ಸುಳ್ಳು ರೆಡಿ ಇತ್ತು. ಒಂದು ಸ್ಕ್ರೂ ಲೂಸ್ ಬಿಟ್ಟಿದ್ದೆ, ನೆನಪಾಯ್ತು, ಓಡಿ ಬಂದೆ. ಅವರು ನಂಬ್ತಿದ್ರು, ಎಂಥ ಒಳ್ಳೇ ಮೆಕ್ಯಾನಿಕ್ ಅಂತ ಮೆಚ್ಕೋತಿದ್ರು. ಆ ಸುಳ್ಳು ನಾಲಿಗೆ ತುದಿ ತನಕ ಬಂದಿತ್ತು. ಆದ್ರೆ ಆಗಷ್ಟೇ ಆ ದಾರಿ ಉದ್ದಕ್ಕೂ ಒಬ್ಬರ ಮೈ ಹುಡುಕ್ತಾ ಹತ್ತಿದ್ದೆ ನೋಡಿ, ಬಾಯಿ ಬೇರೆನೇ ಹೇಳ್ತು.

"ಬ್ರೇಕ್ ಕೈ ಬದಲಾಯಿಸ್ಬಿಟ್ಟೆ ಮೇಡಂ. ಹ್ಯಾಂಡಲ್ ಮೇಲೆ ಬರೆದಿತ್ತು. ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ."

ಮೇಡಂ ಬಲಗೈ ಬ್ರೇಕ್ ಹಿಡಿದು ಸೈಕಲ್ ಮುಂದಕ್ಕೆ ತಳ್ಳಿದ್ರು. ಮುಂದಿನ ಚಕ್ರ ಟಕ್ ಅಂತ ನಿಂತು, ಹಿಂದಿನದು ಗೇಣುದ್ದ ಮೇಲೆದ್ತು. ಅವರ ಮುಖ ಬಿಳಿಚಿಕೊಳ್ತು. ಸೈಕಲ್ ಮೆಲ್ಲಗೆ ಬಂಡೆಗೆ ಒರಗಿಸಿದ್ರು. ಆಮೇಲೆ ಬೈದ್ರು. ಚೆನ್ನಾಗೇ ಬೈದ್ರು.

"ಓದಕ್ಕೆ ಬರದೇ ಇರೋದು ತಪ್ಪಲ್ಲ ಕಣ್ರೀ. ಕೇಳದೇ ಕೈ ಹಾಕೋದು ತಪ್ಪು. ಲ್ಯಾಬಲ್ಲಿ ಹೀಗೆ ಮಾಡಿದ್ದಿದ್ರೆ ನಿಮ್ಮನ್ನ ಹೊರಗೆ ನಿಲ್ಲಿಸ್ತಿದ್ದೆ. ನಂಗೆ ಪಂಕ್ಚರ್ ಹಾಕಕ್ಕೆ ಬರಲ್ಲ. ನಿಮ್ಮ ಹತ್ರ ಕನ್ನಡಕ ಒಳಗಿದೆ ಅಂತ ಹೇಳ್ತೀನಾ?"

ಕನ್ನಡಕದ ವಿಷಯ ಅವರಿಗೆ ಮೊದಲೇ ಗೊತ್ತಿತ್ತು. ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ! ತಲೆ ತಗ್ಗಿಸಿ ಬೈಸ್ಕೊಂಡೆ. ವಿಚಿತ್ರ ಏನಂದ್ರೆ, ಬೈಸ್ಕೊಳ್ತಾ ಬೈಸ್ಕೊಳ್ತಾ ಮೈ ಹಗುರ ಆಗ್ತಾ ಹೋಯ್ತು. ಮುಚ್ಚಿಡಕ್ಕೆ ಇನ್ನೇನೂ ಉಳಿದಿರ್ಲಿಲ್ಲ.

ಅಲ್ಲೇ ಬಂಡೆ ಮೇಲೆ ಸೈಕಲ್ ತಲೆಕೆಳಗೆ ನಿಲ್ಲಿಸಿ ಕೇಬಲ್ ಬಿಚ್ಚಿ, ಮೊದಲು ಹೆಂಗಿತ್ತೋ ಹಂಗೇ ಹಾಕ್ದೆ. ಮೇಡಂ ಪಕ್ಕದಲ್ಲಿ ಕೂತು ಒಂದೊಂದೂ ಕೇಳಿದ್ರು, ಇದು ಯಾವ್ದು, ಅದು ಯಾಕೆ. ಮುಗಿದ ಮೇಲೆ, "ಮೊದ್ಲು ನಾನು ಇಳೀತೀನಿ ಮೇಡಂ, ನನ್ನ ಕೆಲಸ ನಾನೇ ನೋಡ್ಬೇಕು" ಅಂದೆ. ಹೆಲ್ಮೆಟ್ ಬಿಚ್ಚಿ ಕೊಟ್ರು. ಎಡಗೈ ಮುಂದಿನದು, ಬಲಗೈ ಹಿಂದಿನದು ಅಂತ ಜೋರಾಗಿ ಬಾಯಲ್ಲಿ ಹೇಳ್ಕೊಳ್ತಾ ಹೊರಟೆ. ಕಲ್ಲು ಎಲ್ಲ ದಾಟಿದೆ. ಕೊನೇಲಿ ಎಲ್ಲ ಮುಗೀತು ಅಂತ ಖುಷಿಗೆ ಬಾಯಿ ಮುಚ್ಚಿದ್ದೇ ತಪ್ಪಾಯ್ತು, ಹಳೇ ಅಭ್ಯಾಸಕ್ಕೆ ಹಿಂದಿನದು ಅಂತ ಎಡಗೈ ಹಿಡ್ದು ಲಂಟಾನ ಪೊದೆ ಒಳಗೆ ಹೋಗಿ ಕೂತೆ.

"ಬ್ರೇಕ್ ಹೆಂಗಿದೆ?" ಅಂತ ಮೇಲಿಂದ ಕೂಗಿದ್ರು.

"ಬ್ರೇಕ್ ಚೆನ್ನಾಗಿದೆ ಮೇಡಂ! ಡ್ರೈವರ್ ಸರಿ ಇಲ್ಲ!"

ಅವರು ನಕ್ಕಿದ್ದು ಕೆಳಗಿನ ತನಕ ಕೇಳ್ತು. ಅವತ್ತು ಮೇಡಂ ನಡ್ಕೊಂಡೇ ಇಳಿದ್ರು, ಬುಡದಿಂದ ಗೇಟಿನ ತನಕ ಎರಡೂ ಸೈಕಲ್ ನಾನೇ ತಳ್ದೆ. ಮುಂದಿನ ತಿಂಗಳು ಕೂತ್ಕೊಂಡೇ ಇಳಿದ್ರಂತೆ. ಅಂಗಡಿಗೆ ಬಂದು ಹೇಳಿ, ಹೋಗುವಾಗ "ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಯಾವಾಗ ಕಟ್ತೀರ?" ಅಂದ್ರು. ಮುಂದಿನದು ನಿಮಗೆ ಗೊತ್ತಲ್ಲ, ಎರಡನೇ ಸಲಕ್ಕೆ ಪಾಸು.

ಇಷ್ಟು ಟೈಪ್ ಮಾಡೋಷ್ಟರಲ್ಲಿ ಅಂಗಡಿ ಮುಂದೆ ಯಾರೋ "ಅಣ್ಣಾ" ಅಂದ್ರು. ಎದ್ದು ಹೋದೆ. ಕೋಣನಕುಂಟೆಯಿಂದ ಬಂದೋರು, ಬ್ಯಾಟರಿ ಇರೋ ಹೊಸ ಥರದ ಸೈಕಲ್ಲು. ಪೆಡಲ್ ಹತ್ರಾನೇ ಮೋಟಾರು. ಹಿಂದೆ ಆಗಿದ್ರೆ ಬಗ್ಗಿ ನೋಡಿ, ಹೂಂ ಹೂಂ ಅಂದು, ಸಂಜೆ ಬನ್ನಿ ಅಂತಿದ್ದೆ.

"ಇದನ್ನ ನಾನು ಯಾವತ್ತೂ ಬಿಚ್ಚಿಲ್ಲ ಸಾರ್. ನಂಗೆ ಗೊತ್ತಿಲ್ಲ" ಅಂದೆ.

ಅವರು ನನ್ನ ಮುಖ ನೋಡಿ, ಬೋರ್ಡ್ ನೋಡಿ, "ಹಾಗಾದ್ರೆ ಬೇರೆ ಕಡೆ ತೋರಿಸ್ತೀನಿ ಬಿಡಿ ಅಣ್ಣ" ಅಂತ ಹತ್ತಿ ಹೊರಟ್ರು. ಜಯ ಒಳಗಿಂದ ಬಂದು, "ಬಂದ ಗಿರಾಕಿನ ಕಳಿಸಿದ್ರಾ?" ಅಂದ್ಲು.

"ಕಳಿಸ್ದೆ" ಅಂದೆ. ಅವರು ತಿರುವು ದಾಟೋ ತನಕ ಇಬ್ರೂ ನೋಡ್ತಾ ನಿಂತ್ವಿ. ನನ್ನ ಮರ್ಯಾದೆಗೂ ಏನೂ ಆಗಲಿಲ್ಲ, ಅವರೂ ಆರಾಮಾಗಿ ಹೋದ್ರು.