ಹದಿನೆಂಟು ಅಡಿ ದೋಣಿಯಲ್ಲಿ ನನ್ನ ಎತ್ತರ

ಗಲ್ಫಿನಿಂದ ಶಾಶ್ವತವಾಗಿ ವಾಪಸು ಬರುವ ಗಂಡಸರು ಸಾಮಾನ್ಯವಾಗಿ ಒಂದು ಹೋಟೆಲು ಹಾಕುವ ಯೋಚನೆಯನ್ನು ತರುತ್ತಾರೆ. ನನ್ನ ಗಂಡ ತಂದದ್ದು ಹಾಯಿದೋಣಿಯ ಯೋಚನೆ. ಅಲ್ಲಿ ಅವರು ಫೈಬರ್ ದೋಣಿ ಮಾಡುವ ಯಾರ್ಡಿನಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದರು. ಬೇರೆಯವರ ದೋಣಿಗಳಿಗೆ ವರ್ಷಗಟ್ಟಲೆ ಗೆರೆ ಎಳೆದೆಳೆದು, ಒಂದನ್ನಾದರೂ ತನಗಾಗಿ ಎಳೆಯಬೇಕೆಂಬ ಹುಚ್ಚು ಹಿಡಿದಿತ್ತು. ನಮ್ಮ ಮನೆ ಇರುವುದು ಮೂಡುಬಿದಿರೆಯಲ್ಲಿ, ಗುಡ್ಡದ ಮೇಲೆ. ಬೇಸಿಗೆಯಲ್ಲಿ ಬಾವಿಯ ತಳ ಕಾಣುವ ಜಾಗ.

"ಇಲ್ಲಿ ನೀರು ಎಲ್ಲಿ ಉಂಟು?" ಅಂತ ಕೇಳಿದೆ.

"ಅದಕ್ಕೇ ಚಕ್ರ," ಅಂದರು.

ದೋಣಿ ಟ್ರೇಲರಿನ ಮೇಲೆ ಕುಳಿತು ನಮ್ಮ ಜೀಪಿನ ಹಿಂದೆ ಬರುತ್ತದಂತೆ. ಒಳಗೆ ಪುಟ್ಟ ಕೋಣೆ, ಇಬ್ಬರು ಮಲಗಬಹುದು, ಚಹಾ ಕಾಯಿಸಬಹುದು. ಒಮ್ಮೆ ಬಂಟ್ವಾಳದ ಕೆಳಗೆ ನೇತ್ರಾವತಿ, ಇನ್ನೊಮ್ಮೆ ಬೇರೆ ಯಾವುದಾದರೂ ಹೊಳೆ. ಇಷ್ಟು ವಿವರದಲ್ಲಿ ನನ್ನ ಕಿವಿಗೆ ಬಿದ್ದದ್ದು "ಇಬ್ಬರು" ಎಂಬುದು ಮಾತ್ರ. ಮದುವೆಯಾದಂದಿನಿಂದ ವರ್ಷಕ್ಕೊಂದು ತಿಂಗಳು ಸಿಗುತ್ತಿದ್ದ ಗಂಡ ಅವರು. ಅದರಲ್ಲಿ ಅರ್ಧವನ್ನು ನೆಂಟರ ಮನೆಯ ಊಟಗಳು ನುಂಗುತ್ತಿದ್ದವು. ಒಂದು ದೋಣಿ, ಇಬ್ಬರೇ, ಸುತ್ತಲೂ ನೀರು ಇರುವುದರಿಂದ ನೆಂಟರು ಬರಲಿಕ್ಕಾಗುವುದಿಲ್ಲ. ನನಗೆ ತುಂಬ ಆಸೆಯಾಯಿತು. ಅವರ ಮುಂದೆ ಮಾತ್ರ ಹುಚ್ಚು ಅಂತಲೇ ಹೇಳುತ್ತಿದ್ದೆ.

ಇಲ್ಲಿ ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ನಾನು ಉದ್ದ. ಗಂಡನಿಗಿಂತ ಒಂದು ತಲೆಯಷ್ಟು ಉದ್ದ. ನಾನು ಪಾಠ ಮಾಡುತ್ತಿದ್ದ ಶಾಲೆಯ ಮಕ್ಕಳಿಗೆ ನಾನು ಲೈಟುಕಂಬ. ಅಳದಂಗಡಿಯ ನನ್ನ ತವರಿನಲ್ಲಿ, ಹುಡುಗಿ ನೋಡಲು ಬಂದವರಿಗೆ ನನ್ನನ್ನು ಕುಳ್ಳಿರಿಸಿಯೇ ತೋರಿಸುತ್ತಿದ್ದರು. ಇವರು ಒಪ್ಪಿದ್ದು ಕುಳಿತ ನನ್ನನ್ನು. ನಾನು ಅವರೆದುರು ಎದ್ದು ನಿಂತದ್ದು ನಿಶ್ಚಯವಾದ ಮೇಲೆ. ಪಾಪ, ಅವರು ಆಕಾಶ ನೋಡಿದ ಹಾಗೆ ಒಮ್ಮೆ ನೋಡಿದರು ಅಷ್ಟೆ. ಅಂದಿನಿಂದ ನಾನು ಬಾಗಿಲಿಗೆ ಬಗ್ಗಿದೆ, ಫೋಟೋಕ್ಕೆ ಬಗ್ಗಿದೆ, ನೆಂಟರ ಜೊತೆ ಮಾತಾಡುವಾಗ ಬಗ್ಗಿದೆ. ಈಗ ಬೆನ್ನು ಅದೇ ಅಭ್ಯಾಸದಲ್ಲಿ ನೋಯುತ್ತದೆ.

ಆ ವರ್ಷದ ಮಳೆಗಾಲ ಪೂರ್ತಿ ನಮ್ಮ ಊಟದ ಮೇಜಿನ ಮೇಲೆ ದೋಣಿ. ಉದ್ದ ಹದಿನೆಂಟು ಅಡಿ. ಅಗಲ ಹೆಚ್ಚಾದರೆ ಬಿ.ಸಿ.ರೋಡಿನ ಬಸ್ಸಿನವರು ಎರಡೂ ಬದಿ ಕೆರೆದು ಸರಿಮಾಡಿ ಕೊಡುತ್ತಾರೆ. ಭಾರ ಹೆಚ್ಚಾದರೆ ಜೀಪು ಏರಿನಲ್ಲಿ ನಿಲ್ಲುತ್ತದೆ. ಭಾರ ಕಡಿಮೆಯಾದರೆ ಗಾಳಿಗೆ ದೋಣಿ ಮಗುಚುತ್ತದೆ. ಹಾಯಿಕಂಬದ ಬುಡಕ್ಕೆ ಕೀಲು, ಕರೆಂಟಿನ ತಂತಿ ಅಡ್ಡ ಬಂದರೆ ಮಲಗಿಸಲಿಕ್ಕೆ. ತಳದಲ್ಲಿ ಎತ್ತಿ ಇಳಿಸುವ ಒಂದು ಹಲಗೆ. ಇಳಿಸಿದರೆ ದೋಣಿ ಅಡ್ಡಡ್ಡ ಜಾರುವುದಿಲ್ಲ, ಹೊಳೆಯ ತಳದ ಹೊಯ್ಗೆ, ಅಂದರೆ ಮರಳು, ತಾಗಿದರೆ ಎತ್ತಬಹುದು. ಒಟ್ಟು ಲೆಕ್ಕವೇ ಗಿಡ್ಡ ಕಂಬಳಿಯ ಹಾಗೆ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬರಿದು.

ಗಂಡನ ಅಕ್ಕ ಬಂದವರು ನಕ್ಷೆ ನೋಡಿ, "ಅಡುಗೆಕೋಣೆ ಯಾವ ದಿಕ್ಕಿಗೆ?" ಅಂತ ಕೇಳಿದರು.

"ದೋಣಿ ಯಾವ ದಿಕ್ಕಿಗೆ ತಿರುಗ್ತದೋ ಆ ದಿಕ್ಕಿಗೆ," ಅಂದರು ಇವರು.

"ಹಾಗಾದರೆ ಒಳ್ಳೇದಲ್ಲ," ಅಂತ ಅಕ್ಕ ತೀರ್ಪು ಕೊಟ್ಟು ಇನ್ನೊಂದು ನೀರುದೋಸೆ ಹಾಕಿಸಿಕೊಂಡರು.

ನಿಜವಾದ ಕೆಲಸಕ್ಕೆ ಮೊದಲು ಒಳಗಿನ ಕೋಣೆಯ ಒಂದು ಮಾದರಿಯನ್ನು ಕಾರಿನ ಶೆಡ್ಡಿನಲ್ಲಿ ನಿಲ್ಲಿಸಿದರು. ಬಿದಿರಿನ ಚೌಕಟ್ಟು, ತಲೆಯ ಮೇಲಿನ ಮಾಡಿಗೆ ಹಳೆಯ ಫ್ಲೆಕ್ಸು. ಯಾರೋ ಪುಢಾರಿಗೆ ಯಾರೋ ಶುಭಾಶಯ ಕೋರಿದ್ದು. ನನ್ನನ್ನು ಒಳಗೆ ಕರೆದರು. ಸಂಭ್ರಮದಿಂದಲೇ ಹೋದೆ. ಕುಳಿತ ಕೂಡಲೇ ಪುಢಾರಿಯ ಮೂಗು ನನ್ನ ನೆತ್ತಿಗೆ ತಾಗಿತು. ಮಲಗಿ ನೋಡಿದೆ; ಪಾದಗಳು ಕೋಣೆಯಿಂದ ಹೊರಗೆ, ಶೆಡ್ಡಿನ ಬೆಕ್ಕಿನ ಹತ್ತಿರ.

"ತಲೆ ಸ್ವಲ್ಪ ಬಗ್ಗಿಸಿದರೆ ಆಯಿತಲ್ಲ," ಅಂದರು.

"ಇದು ಯಾರ ಅಳತೆ?"

"ಸರಾಸರಿ ಮನುಷ್ಯರದ್ದು."

ಸರಾಸರಿ ಮನುಷ್ಯ ಒಳಗೆ ಬಂದು ತೋರಿಸಿಕೊಟ್ಟರು. ಕುಳಿತರು, ನೆತ್ತಿಗೂ ಪುಢಾರಿಗೂ ನಡುವೆ ಒಂದು ಗೇಣು ಜಾಗ. ಮಲಗಿದರು, ಹಿಮ್ಮಡಿ ಹಲಗೆಯ ಅಂಚಿಗೆ ಟೈಲರು ಹೊಲಿದ ಹಾಗೆ ಬಂತು. ಮೋಸವೇನೂ ಇರಲಿಲ್ಲ. ನಕ್ಷೆ ಬಿಡಿಸುವಾಗ ಅಳೆಯಲು ಹತ್ತಿರ ಸಿಕ್ಕಿದ ಮನುಷ್ಯ ಅವರೇ.

"ಒಳಗೆ ಚಹಾ ಮಾಡುವುದು ಯಾರು?" ಅಂತ ಕೇಳಿದೆ.

"ನಾನು ಹೊರಗೆ ಚುಕ್ಕಾಣಿ ಹಿಡೀಬೇಕಲ್ಲ. ನೀನೇ ಮಾಡ್ಬೇಕಷ್ಟೆ."

"ಅಂದರೆ ಹೊರಗೆ ಇರುವುದು ನೀವು, ಒಳಗೆ ಇರುವುದು ನಾನು. ಒಳಗಿನ ಅಳತೆ ಮಾತ್ರ ನಿಮ್ಮದು."

ಅವರು ಶಾಂತವಾಗಿ ವಿವರಿಸಿದರು. ಮಾಡು ಎತ್ತರಿಸಿದರೆ ಗಾಳಿ ಅದಕ್ಕೇ ಹೊಡೆಯುತ್ತದೆ, ದೋಣಿ ವಾಲುತ್ತದೆ, ನೋಡಲಿಕ್ಕೂ ಟೋಲ್‌ಗೇಟಿನ ಗೂಡಿನ ಹಾಗೆ. ಹೇಳಿದ್ದೆಲ್ಲ ಸರಿಯೇ. ಸರಿ ಇದ್ದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ನಾನು ಬರುವುದಿಲ್ಲ. ನೀವು ಯಾರಾದರೂ ಸರಾಸರಿ ಮನುಷ್ಯರನ್ನು ಕರ್ಕೊಂಡು ಹೋಗಿ," ಅಂದೆ.

ಅಂದವಳು ಅಡುಗೆಮನೆಗೆ ಹೋಗಿ ಬೇಕಿಲ್ಲದಿದ್ದರೂ ಒಣಮೆಣಸು ಹುರಿಯಲು ಕುಳಿತೆ. ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವುದಿಲ್ಲವಲ್ಲ. ಹೋಗಬೇಕೆಂದು ನನಗೆ ಅಷ್ಟು ಮನಸ್ಸಿತ್ತು. ಆದರೆ ಇನ್ನು ಮುಂದೆ ಯಾರ ಸುಖಕ್ಕೂ ಬಗ್ಗಿ ಕೂರಬಾರದೆಂಬ ಹಟ ಅದಕ್ಕಿಂತ ಒಂದು ಕೂದಲು ಜಾಸ್ತಿ ಇತ್ತು.

ಕೆಲವು ದಿನ ಮನೆಯಲ್ಲಿ ಮಾತಿಲ್ಲ. ಅವರು ಊಟಕ್ಕೆ ಬಂದು, ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ತೆಪ್ಪಗೆ ಉಂಡು, ಶೆಡ್ಡಿಗೆ ಹೋಗಿ ಬಿದಿರಿನ ಗೂಡಿನೊಳಗೆ ಕುಳಿತಿರುತ್ತಿದ್ದರು. ಒಂದು ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಅಳತೆಯ ಟೇಪು ಹಿಡಿದುಕೊಂಡು, ಒಂದು ಸ್ಟೂಲನ್ನೂ ಎಳೆದುಕೊಂಡು ಬಂದರು.

"ನೆಟ್ಟಗೆ ನಿಲ್ಲು," ಅಂದರು.

ನಿಂತೆ. ಅಷ್ಟು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಅವರು ಸ್ಟೂಲು ಹತ್ತಿ ನೆತ್ತಿಯಿಂದ ಹಿಮ್ಮಡಿವರೆಗೆ ಅಳೆದರು, ಇಳಿದರು, ನಂಬಿಕೆ ಬರದೆ ಇನ್ನೊಮ್ಮೆ ಹತ್ತಿ ಅಳೆದರು.

"ಮಾಡು ಎತ್ತರಿಸಲಿಕ್ಕೆ ಆಗುವುದಿಲ್ಲ ಮಾರಾಯ್ತಿ," ಅಂದರು. "ಆದರೆ ತೂತು ಮಾಡಬಹುದು."

ನಕ್ಷೆ ತಿದ್ದಿ, ಒಳಗೆ ಇಳಿಯುವ ಬಾಗಿಲಿನ ಮೇಲೆ ಮಾಡನ್ನು ಉದ್ದಕ್ಕೆ ಕತ್ತರಿಸಿ, ಹಿಂದೆ ಮುಂದೆ ಜಾರುವ ಒಂದು ಮುಚ್ಚಳ ಇಟ್ಟರು. ಒಲೆಯನ್ನು ಸರಿಯಾಗಿ ಅದರ ಅಡಿಗೆ ತಂದರು. ಮುಚ್ಚಳ ತೆರೆದರೆ ಒಲೆಯ ಮುಂದೆ ನಾನು ನೆಟ್ಟಗೆ ನಿಲ್ಲಬಹುದು, ತಲೆ ಭುಜ ಹೊರಗೆ ಗಾಳಿಯಲ್ಲಿ. ಮಳೆ ಬಂದರೆ ಮೇಲೆ ಟಾರ್ಪಾಲಿನ ಒಂದು ಮಡಚುವ ಕೊಡೆ. ನನ್ನ ಹಾಸಿಗೆಯ ಕಾಲಿನ ಕಡೆಯನ್ನು, ಹೊರಗೆ ಅವರು ಕುಳಿತುಕೊಳ್ಳುವ ಪೀಠದ ಅಡಿಗೆ ನುಗ್ಗಿಸಿದರು. ಬೇಕಾದಾಗ ಕೆಳಗಿನಿಂದ ಒದೆಯಲಿಕ್ಕೂ ಅನುಕೂಲ.

ಪ್ಲೈವುಡ್ಡಿಗೆ ಫೈಬರ್ ಮೆತ್ತಿ ದೋಣಿ ಕಟ್ಟಿ ಮುಗಿಸುವಾಗ ಮರುವರ್ಷದ ಮಳೆಯೂ ನಿಂತಿತ್ತು. ಅಷ್ಟು ಕಾಲ ನಮ್ಮ ಮನೆಯ ಅನ್ನಕ್ಕೂ ರಾಳದ ವಾಸನೆ. ಕೊನೆಗೆ ಜೀಪಿನ ಹಿಂದೆ ಕಟ್ಟಿ ಹೊರಟೆವು. ಬಿ.ಸಿ.ರೋಡಿನಲ್ಲಿ ಒಬ್ಬರು ಬಸ್ಸಿನ ಕಿಟಕಿಯಿಂದ ತಲೆ ಹಾಕಿ, ಇದು ಯಾವ ಮೆರವಣಿಗೆಗೆ ಅಂತ ಕೇಳಿದರು. ಹೊಯ್ಗೆ ಲಾರಿಗಳು ಇಳಿಯುವ ಒಂದು ಇಳಿಜಾರಿನಲ್ಲಿ ಟ್ರೇಲರನ್ನು ಹೊಳೆಗೆ ಹಿಮ್ಮುಖವಾಗಿ ಇಳಿಸಿದರು. ದೋಣಿ ತೇಲಿತು. ನನ್ನ ಗಂಡ ನನಗಿಂತ ಹೆಚ್ಚು ಆಶ್ಚರ್ಯಪಟ್ಟರು.

ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಪಡುಗಾಳಿ ಬಂತು, ಹಾಯಿ ತುಂಬಿತು. ಅವರು ಹಿಂದೆ ಪೀಠದಲ್ಲಿ ಚುಕ್ಕಾಣಿ ಹಿಡಿದು ಕುಳಿತರು. ನಾನು ಒಳಗಿಳಿದು, ಮುಚ್ಚಳ ಸರಿಸಿ, ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟು ಎದ್ದು ನಿಂತೆ. ತಲೆ ಎಲ್ಲಿಗೂ ತಾಗಲಿಲ್ಲ. ಎರಡೂ ದಡ, ತೆಂಗು, ದೂರದ ಸೇತುವೆ, ಎಲ್ಲ ಕಂಡವು. ಬೆನ್ನು ತನ್ನಷ್ಟಕ್ಕೆ ಇನ್ನೂ ಸ್ವಲ್ಪ ಮೇಲೆ ಹೋಯಿತು. ಖುಷಿಯಲ್ಲಿ ಚಹಾಪುಡಿ ಹಾಕುವುದು ಮರೆತೆ.

ಹಿಂದಿನಿಂದ ಅವರ ದನಿ ಬಂತು. "ಸ್ವಲ್ಪ ಬಗ್ಗು ಮಾರಾಯ್ತಿ. ನೀನು ಅಡ್ಡ ನಿಂತರೆ ನನಗೆ ಮುಂದೆ ಏನೂ ಕಾಣುವುದಿಲ್ಲ."

ಇಡೀ ನಕ್ಷೆಯಲ್ಲಿ ಅವರು ಲೆಕ್ಕ ಹಾಕದೆ ಬಿಟ್ಟದ್ದು ಇದೊಂದನ್ನೇ. ನಾನು ತಿರುಗಿಯೂ ನೋಡಲಿಲ್ಲ.

"ನನಗೆ ಕಾಣ್ತದೆ," ಅಂದೆ. "ಎದುರಿನಿಂದ ಒಂದು ಹೊಯ್ಗೆ ದೋಣಿ ಬರ್ತಾ ಉಂಟು. ಬಲಕ್ಕೆ ತಿರುಗಿಸಿ."

ಹಿಂದೆ ಚುಕ್ಕಾಣಿ ಕಿರ್ರೆಂದಿತು. ಆಮೇಲೆ ದೋಣಿ ಬಲಕ್ಕೆ ತಿರುಗಿತು.