ನಡುಗ್ವಾಡಿ ಕಿಂಡಿ

ಗೆಳೆಯರೇ, ಮುಂಜಾನಿ ನಾ ಮಾಡಿಸಿದ ರಾಜಿ ಸಂಜಿಗೇ ಮುರೀತು.

ನಮ್ಮ ಯಲಬುರ್ಗಾದ ಓಣ್ಯಾಗ ಸಂಗಪ್ಪ, ಈರಪ್ಪ ಮಗ್ಗಲ ಮನಿಯವರು. ನಡುವಿನ ಗ್ವಾಡಿ ನಂದು ನಂದು ಅಂತ ಜಗಳಾಡಿ, ಕೊಪ್ಪಳದ ಜಾಗೀರ ಕಚೇರಿಗೆ ಫಿರ್ಯಾದಿ ಕೊಡಾಕ ಹೊಂಟು ನಿಂತಿದ್ದರು. "ಅಲ್ಲಿತನಕ ಯಾಕ ಹೋಗ್ತೀರಿ, ನಾ ಬಗೀಹರಸ್ತೀನಿ" ಅಂತ ನಾನಾಗೇ ಕರೆದು ಕೂಡಿಸಿದೆ. ಗ್ವಾಡಿ ಇಬ್ಬರದೂ ಅಂತ ಫೈಸಲಾ ಕೊಟ್ಟೆ. ಮತ್ತ ಮಾತಿಗೆ ಮಾತು ಬೆಳೀಬಾರದಂತ ಗ್ವಾಡ್ಯಾಗಿನ ಕಿಂಡಿಗೆ ಮಣ್ಣು ಮೆತ್ತಿಸಿದೆ. ಇಬ್ಬರೂ "ಆತ್ರಿ" ಅಂದರು.

ಸಂಜಿಗೆ ಇಬ್ಬರೂ ಕೂಡೇ ಬಂದರು.

"ಕಿಂಡಿ ತೆಗೆಸ್ರಿ" ಅಂದ ಸಂಗಪ್ಪ. "ನಮ್ಮ ಮನ್ಯಾಗ ಒಲಿ ಹತ್ತಿಲ್ಲ. ಕೆಂಡ ದಿನಾ ಇವರ ಮನಿಯಿಂದ ಬರ್ತಿತ್ತಂತ."

ಈರಪ್ಪ ನೆಲ ನೋಡ್ಕೋತ ಅಂದ, "ನಮ್ಮಲ್ಲಿ ಮಜ್ಜಿಗಿ ಇಲ್ರಿ. ಅದು ಇವರ ಮನೀದಂತ."

"ಬಾಗಲಿಂದ ಹೋಗಿ ತರಬಾರದೇನು?" ಅಂತ ಕೇಳಿದೆ.

"ಗಂಡಸರು ಜಗಳಾಡ್ಯಾರ, ಹೊಸ್ತಿಲಾ ಹೆಂಗ ದಾಟೋದು ಅಂತಾರ್ರಿ ಹೆಣ್ಣಮಕ್ಕಳು. ಕಿಂಡ್ಯಾಗ ಕೊಟ್ಟರ ನಡೀತಿತ್ತಂತ" ಅಂದ ಸಂಗಪ್ಪ.

ಸಲಿಕಿ ಹಿಡಕೊಂಡು ಹೋಗಿ ನಾನೇ ಮಣ್ಣು ಕೆದರಿ ಬಂದೆ. ಆ ಗ್ವಾಡ್ಯಾಗ ತಕರಾರಿಲ್ಲದ ಜಾಗಾ ಅದೊಂದ ಇತ್ತು. ಪಂಚ ಆಗಿ ನಾ ಮುಚ್ಚಿಸಿದ್ದು ಅದನ್ನೇ.