ಗಾಜಿನೊಳಗಿನ ತೊಟ್ಟಿಲು

ಡೊಂಬಿವಲಿಯ ಕನ್ನಡ ಸಂಘವೊಂದು ಮ್ಯೂಸಿಯಂ ಮಾಡಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆದರೆ ಮಾಡಿದ್ದು ನಿಜ, 2009ರಲ್ಲಿ. ಉಡುಪಿ ಕಡೆಯಿಂದ ಹೊಟ್ಟೆಪಾಡಿಗೆ ಬಂದವರ ಮನೆಗಳ ಅಟ್ಟದಿಂದ ಇಳಿದ ಕಡೆಗೋಲು, ಸೇರು, ಗುಂಡುಕಲ್ಲು, ಕಂಚಿನ ದೀಪಗಳನ್ನೆಲ್ಲ ತೊಳೆದು ಒರೆಸಿ ಗಾಜಿನ ಕಪಾಟುಗಳಲ್ಲಿ ಕೂರಿಸಿದರು. ಮುಟ್ಟಬಾರದು ಎಂದು ಮೂರು ಭಾಷೆಗಳಲ್ಲಿ ಬರೆಸಿದರು. ಪಾಪ, ಮುಟ್ಟುವುದಕ್ಕಾದರೂ ಯಾರು ಬರುತ್ತಿದ್ದರು?

ದಿನಾ ಮಧ್ಯಾಹ್ನ ಬಾಗಿಲು ತೆರೆದು ಕೂರುತ್ತಿದ್ದವಳು ಜಯಲತಾ. ಸ್ಟೇಷನ್ ಹತ್ತಿರ ಹೋಟೆಲಿಟ್ಟಿದ್ದ ಪುಂಡರೀಕಾಕ್ಷನ ಹೆಂಡತಿ. ಆ ಉದ್ದದ ಹೆಸರು ಗಿರಾಕಿಗಳ ನಾಲಿಗೆಗೆ ಹತ್ತದೆ ಅವನು ಪುಂಡು ಶೇಠ್ ಆಗಿದ್ದ. ಸಂಬಳವಿಲ್ಲದ ಈ ಕೆಲಸವನ್ನು ಜಯಲತಾ ತಾನಾಗಿ ಕೇಳಿ ತೆಗೆದುಕೊಂಡಿದ್ದಳು. ಕಾರಣ, ನಡುವಿನ ದೊಡ್ಡ ಕಪಾಟಿನಲ್ಲಿದ್ದ ಹಲಸಿನ ಮರದ ತೊಟ್ಟಿಲು ಅವಳ ಮನೆಯದೇ. ಅವಳ ಮದುವೆಯಾದ ವರ್ಷವೇ ಅತ್ತೆ ಅದನ್ನು ಊರಿನಿಂದ ಲಾರಿಯಲ್ಲಿ ತರಿಸಿದ್ದರು. ಮಗು ಮಾತ್ರ ಬರಲಿಲ್ಲ. ಮೂವತ್ತು ವರ್ಷ ಅದು ಅಟ್ಟದ ಮೇಲೆ ಹಳೆಯ ಹೊದಿಕೆಗಳನ್ನು ಹೊತ್ತುಕೊಂಡು ಕೂತಿತ್ತು. ಗಾಜು ಒರೆಸುವಾಗಲೆಲ್ಲ ಜಯಲತಾಗೆ ಒಂದೇ ಆಸೆ: ಒಂದು ಸಲವಾದರೂ ಇದರಲ್ಲೊಂದು ಮಗು ಮಲಗಬೇಕು, ತಾನದನ್ನು ಕಣ್ತುಂಬ ನೋಡಬೇಕು.

ಮ್ಯೂಸಿಯಮ್ಮಿಗೆ ತಪ್ಪದೆ ಬರುತ್ತಿದ್ದವಳು ಎದುರು ಬಿಲ್ಡಿಂಗಿನ ಊರ್ಮಿಳಾ ಒಬ್ಬಳೇ. ಮರಾಠಿ ಹುಡುಗಿ, ತುಂಬು ಬಸುರಿ. ಡಾಕ್ಟರು ನಡೆಯಲು ಹೇಳಿದ್ದರು. ನಡೆದು ದಣಿದವಳಿಗೆ ಇಲ್ಲಿ ಫ್ಯಾನಿತ್ತು, ಬೆಂಚಿತ್ತು, ಹರಟೆಗೆ ಜಯಲತಾ ಇದ್ದಳು. ಒಂದು ದಿನ ಅವಳು ತೊಟ್ಟಿಲನ್ನೇ ನೋಡುತ್ತ ಕೇಳಿಬಿಟ್ಟಳು, "ಕಾಕೂ, ಬಾರಶಾಲಾ ಹಾ ಪಾಳಣಾ ದ್ಯಾಲ ಕಾ?" ನಾಮಕರಣಕ್ಕೆ ಈ ತೊಟ್ಟಿಲು ಕೊಡುತ್ತೀರಾ ಎಂದು.

ಸಂಘಕ್ಕೆ ಕೊಟ್ಟಾದ ಮೇಲೆ ಅದನ್ನು ಕೊಡುವ ಅಧಿಕಾರ ಜಯಲತಾಗೆಲ್ಲಿತ್ತು? ಸಂಘದ ಅಧ್ಯಕ್ಷ ಭುಜಂಗಣ್ಣನ ಮನೆಗೆ ಓಡಿದಳು. ಬ್ಯಾಂಕಿನಿಂದ ನಿವೃತ್ತರಾಗಿ, ಟೂರ್ ಕಂಪನಿಯ ಜೊತೆ ಯುರೋಪು ಸುತ್ತಿ ಬಂದವರು ಅವರು. ಅಲ್ಲಿಂದ ಬಂದ ಮೇಲೆ ಮ್ಯೂಸಿಯಂ ವಿಷಯದಲ್ಲಿ ಅವರೆದುರು ಯಾರೂ ತುಟಿ ಬಿಚ್ಚುವಂತಿರಲಿಲ್ಲ.

"ಅಲ್ಲ ಜಯಲತಕ್ಕ, ಇದೇನು ಮಂಟಪ್ ಡೆಕೋರೇಟರ್ ಅಂಗಡಿಯಾ? ಇವತ್ತು ತೊಟ್ಟಿಲು ಕೊಟ್ರೆ ನಾಳೆ ಒರಳು ಕೇಳ್ತಾರೆ. ಮುಂದಿನವರಿಗೆ ಅಂತ ಜೋಪಾನ ಮಾಡೂದು ನಮ್ಮ ಜವಾಬ್ದಾರಿ."

"ಆ ಮುಂದಿನವರು ಹುಟ್ಟಿದ ಮೇಲೆ ಮಲಗೂದೆಲ್ಲಿ ಮಾರಾಯ್ರೆ?"

ಭುಜಂಗಣ್ಣ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಮಾತು ಮುಗಿಯಿತೆಂದು ಅರ್ಥ.

ಮುಂದಿನ ವಾರ ಸಂಘದ ಮಹಿಳಾ ವಿಭಾಗದವರು ಮ್ಯೂಸಿಯಂ ನೋಡಲು ಬಂದರು. ಅಷ್ಟು ಜನ ಕೇಳುಗರು ಸಿಕ್ಕಿದ್ದೇ ಭುಜಂಗಣ್ಣನಿಗೆ ಹುರುಪೇರಿತು. ತೊಟ್ಟಿಲಿನ ಕಪಾಟು ತೆರೆದರು. ಸರಪಳಿಯ ಗೆಜ್ಜೆಗಳು ಹೇಗೆ ಉಲಿಯುತ್ತವೆ ಎಂದು ತೋರಿಸುವ ಉಮೇದಿನಲ್ಲಿ, ಯಾರಿಗೂ ಮುಟ್ಟಲು ಬಿಡದ ಆ ಮಹಾನುಭಾವರು ತಮ್ಮ ಕೈಯಾರೆ ಖಾಲಿ ತೊಟ್ಟಿಲನ್ನು ತೂಗಿಬಿಟ್ಟರು!

"ಅಯ್ಯಯ್ಯೋ! ದಾದ ಮಲ್ತರ್ ಭುಜಂಗಣ್ಣ!" ಏನು ಮಾಡಿಬಿಟ್ಟಿರಿ ಎಂದು ಹೆಂಗಸರೆಲ್ಲ ಕೆನ್ನೆ ಕೆನ್ನೆ ಬಡಿದುಕೊಂಡರು. ಖಾಲಿ ತೊಟ್ಟಿಲು ತೂಗಿದರೆ ಹುಟ್ಟುವ ಮಗುವಿಗೆ ಆಗದು ಎಂಬುದು ಊರಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಭುಜಂಗಣ್ಣ ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೆ ಖಾರಘರದಲ್ಲಿದ್ದ ಮಗಳು ನಿಕಿತಾ ಆಗ ಐದು ತಿಂಗಳ ಬಸುರಿ. ಅವರ ಮುಖ ಬಿಳಿಚಿಕೊಂಡಿತು.

ಜಯಲತಾ ಕೂಡ ಅಷ್ಟೇನೂ ನಂಬುವವಳಲ್ಲ. ಹಾಗೆಂದು ಕೈಗೆ ಬಂದದ್ದನ್ನು ಬಿಡುವಷ್ಟು ಪೆದ್ದಿಯೂ ಅಲ್ಲ.

"ಹೆದರ್ಬೇಡಿ ಭುಜಂಗಣ್ಣ, ಪರಿಹಾರ ಉಂಟು," ಎಂದಳು ಗಂಭೀರವಾಗಿ. "ಇದೇ ತೊಟ್ಟಿಲಲ್ಲಿ ಒಂದು ಶಿಶುವನ್ನು ಮಲಗಿಸಿ, ಹೆಸರಿಟ್ಟು ತೂಗಿದ್ರೆ ಆಯ್ತು."

ಇದು ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಅವಳಿಗೂ ಗೊತ್ತಿರಲಿಲ್ಲ. ಭುಜಂಗಣ್ಣ ಕರವಸ್ತ್ರದಿಂದ ಹಣೆ ಒರೆಸಿಕೊಂಡು, "ಹೊರಗೆ ಮಾತ್ರ ಕೊಂಡೋಗೂದು ಬೇಡ. ಇಲ್ಲೇ ಮಾಡಿ. ಬೇಗ ಮಾಡಿ," ಎಂದರು.

ಊರ್ಮಿಳಾಗೆ ಹೆಣ್ಣು ಮಗುವಾಯಿತು. ನಾಮಕರಣದ ದಿನ ಮ್ಯೂಸಿಯಮ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ತೊಟ್ಟಿಲಿಗೆ ಮಲ್ಲಿಗೆ, ಕಂಚಿನ ದೀಪಗಳಿಗೆ ಎಣ್ಣೆ ಬತ್ತಿ. ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುವ ಪದ್ಧತಿ ನಮ್ಮಂತೆ ಅವರಲ್ಲೂ ಇದೆ ಎಂದು ತಿಳಿದದ್ದೇ ಪಕ್ಕದ ಕಪಾಟೂ ಬಾಯಿ ತೆರೆಯಿತು. ಕಲ್ಲಿಗೊಂದು ಕುಲಾವಿ ತೊಡಿಸಿದರು. ಒಂದು ಕಡೆ ಮರಾಠಿ ಜೋಗುಳ, ಇನ್ನೊಂದು ಕಡೆ ತುಳು. ಯಾರಿಗೂ ಯಾರದೂ ಕೇಳಿಸುತ್ತಿಲ್ಲ, ಎಲ್ಲರಿಗೂ ಖುಷಿ.

ಜಯಲತಾ ಬಾಗಿಲ ಬಳಿ ನಿಂತಿದ್ದಳು. ಮಕ್ಕಳಾಗದವಳು ಇಂಥ ಕಡೆ ಹಿಂದೆಯೇ ನಿಲ್ಲಬೇಕೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳೇ ಹಾಗೆ ರೂಢಿ ಮಾಡಿಕೊಂಡಿದ್ದಳು. ತೊಟ್ಟಿಲಲ್ಲಿ ಮಗು ಕೈಕಾಲು ಆಡಿಸುವುದು ಅಲ್ಲಿಂದಲೇ ಕಾಣುತ್ತಿತ್ತು. ಅಷ್ಟು ಸಾಕಿತ್ತು ಅವಳಿಗೆ.

"ಕಾಕೂ, ಪುಢೇ ಯಾ," ಎಂದು ಮುಂದೆ ಕರೆದಳು ಊರ್ಮಿಳಾ. ಅವರಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಊರ್ಮಿಳಾಳ ಗಂಡನಿಗೆ ಅಕ್ಕತಂಗಿಯರಿಲ್ಲ. "ತುಮ್ಹೀಚ್ ಹಿಚೀ ಆತ್ಯಾ." ನೀವೇ ಇವಳ ಸೋದರತ್ತೆ, ಹೆಸರನ್ನೂ ನೀವೇ ಆರಿಸಬೇಕು ಎಂದು.

ಜಯಲತಾ ತೊಟ್ಟಿಲ ಬಳಿ ಬಂದಳು. ಬಗ್ಗಿದಳು. ಹಾಲಿನ ವಾಸನೆ. ಪುಟ್ಟ ಕಿವಿಗೆ ಬಾಯಿ ಹಚ್ಚಿ, ಅವರ ಪದ್ಧತಿಯಂತೆ ಕುರ್ರ್ ಎಂದು ಹೆಸರು ಹೇಳಿದಳು: ಸಂಯುಕ್ತಾ. ಹೆಸರು ಹೇಳಿದ ಆತ್ಯಾಗೆ ಶಾಸ್ತ್ರದಂತೆ ಸಲ್ಲುವ ಗುದ್ದುಗಳು ಬೆನ್ನಿಗೆ ದಬದಬ ಬಿದ್ದವು. ಕಣ್ಣೀರಿನ ನಡುವೆಯೇ ಅವಳಿಗೆ ನಗು ಒತ್ತರಿಸಿ ಬಂತು.

ಪಾಯಸದ ಪಾತ್ರೆ ಹೊತ್ತು ಬಂದ ಪುಂಡರೀಕಾಕ್ಷ ಹೆಸರು ಕೇಳಿ ತಲೆದೂಗಿದ. "ಲಾಯ್ಕುಂಟು. ನಿನಗೆ ಯಾವಾಗ ಹೊಳೆದದ್ದು?"

"ಮೂವತ್ತು ವರ್ಷ ಆಯ್ತು," ಎಂದಳು ಜಯಲತಾ, ತೊಟ್ಟಿಲು ತೂಗುತ್ತ.